ಕೈ ಕಟ್ಟುವ ಮೊದಲು ನೋಡಬೇಕಾದದ್ದು

ನಾನು ಮೂಳೆ ವಿಭಾಗದ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿ ಸೇರಿದ ಮೊದಲ ವರ್ಷ, ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿದ್ದ 78 ವರ್ಷದ ರೈತರೊಬ್ಬರು ಎರಡನೆಯ ರಾತ್ರಿ ಇದ್ದಕ್ಕಿದ್ದಂತೆ ಡ್ರಿಪ್ ಕಿತ್ತೆಸೆದು, "ಬಿಡ್ರೋ, ದನ ಬಿಚ್ಬೇಕು" ಎಂದು ಕೂಗುತ್ತ ಮಂಚದಿಂದ ಇಳಿಯಲು ಹೊರಟರು. ಪಕ್ಕದ ಹಾಸಿಗೆಯವರು ಗಾಳಿ ಸೋಕಿದೆ ಎಂದರು. ನಾನು ಬ್ಯಾಂಡೇಜ್ ಬಟ್ಟೆಯಿಂದ ಅವರ ಕೈಗಳನ್ನು ಮಂಚದ ಕಂಬಿಗೆ ಕಟ್ಟಿ, ನಿದ್ದೆಯ ಇಂಜೆಕ್ಷನ್ ಬರೆಸಿಕೊಳ್ಳಲು ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. ಕಟ್ಟಿದ ಮೇಲೆ ಅವರ ಕೂಗಾಟ ಇನ್ನೂ ಹೆಚ್ಚಿತು.

ಆಗ ಬಂದ ಹಿರಿಯ ಸಿಸ್ಟರ್ ಏನೂ ಮಾತಾಡದೆ ಅಜ್ಜನ ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟರು. ಅದು ಕಲ್ಲಿನಂತೆ ಬಿಗಿದಿತ್ತು. ಮೂತ್ರ ಹೊರಹೋಗಲು ಹಾಕಿದ್ದ ಕ್ಯಾತಿಟರಿನ ಕೊಳವೆ ತೊಡೆಯ ಕೆಳಗೆ ಸಿಕ್ಕಿ ಮಡಚಿಕೊಂಡಿತ್ತು. ಅದನ್ನು ಬಿಡಿಸಿದ ಮೇಲೆ ಚೀಲಕ್ಕೆ ಇಳಿದದ್ದು 900 ಮಿಲಿ ಮೂತ್ರ. ಸಂಜೆಯಿಂದ ಚೀಲ ತುಂಬಿಲ್ಲವೆಂಬುದನ್ನು ಗಮನಿಸಬೇಕಾಗಿದ್ದವಳು ನಾನು.

ನಮ್ಮ ಹಿರಿಯರು ಸನ್ನಿ ಎನ್ನುತ್ತಿದ್ದ ಈ ಸ್ಥಿತಿಯನ್ನು ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಇದು ಕೆಲವೇ ಗಂಟೆ ಅಥವಾ ದಿನಗಳಲ್ಲಿ ಕಾಣಿಸಿಕೊಂಡು, ಹಗಲು ಇಳಿದು ರಾತ್ರಿ ಏರುವುದುಂಟು. ಕಟ್ಟಿಕೊಂಡ ಮೂತ್ರ, ಮಲಬದ್ಧತೆ, ಹೇಳಲಾಗದ ನೋವು, ಸೋಂಕು, ರಕ್ತದಲ್ಲಿ ಇಳಿದ ಸಕ್ಕರೆ, ಸೋಡಿಯಂ ಅಥವಾ ಆಮ್ಲಜನಕ, ಹೊಸದಾಗಿ ಆರಂಭಿಸಿದ ಔಷಧ, ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಹಲವು ಸಲ ಎರಡು ಮೂರು ಒಟ್ಟಿಗೇ ಇರುತ್ತವೆ. ಕೂಗಾಡುವವರನ್ನಾದರೂ ನಾವು ನೋಡುತ್ತೇವೆ, ಇದೇ ಸ್ಥಿತಿಯಲ್ಲಿ ಮಂಕಾಗಿ ಮಲಗಿರುವವರು ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಕುಡಿತದ ಬಗ್ಗೆ ಮನೆಯವರನ್ನು ಸಂಕೋಚವಿಲ್ಲದೆ ಕೇಳಲೇಬೇಕು. ದಿನವೂ ಕುಡಿಯುತ್ತಿದ್ದವರಿಗೆ ಅದು ನಿಂತ ಎರಡು ಮೂರು ದಿನಗಳಲ್ಲಿ ನಡುಕ, ಬೆವರು, ಭ್ರಮೆ ಬರಬಹುದು. ಅವರಿಗೆ ಲೊರಾಜಿಪಾಮ್‌ನಂತಹ ನಿದ್ದೆ ಬರಿಸುವ ಔಷಧವೇ ಪ್ರಾಣ ಉಳಿಸುತ್ತದೆ. ಆದರೆ ಅದೇ ಔಷಧ ಕುಡಿತದ ಹಿನ್ನೆಲೆಯಿಲ್ಲದ ವೃದ್ಧರ ಗೊಂದಲವನ್ನು ಹೆಚ್ಚಿಸಬಲ್ಲದು. ಆ ರಾತ್ರಿ ನಾನು ಫೋನಿನಲ್ಲಿ ಕೇಳುತ್ತಿದ್ದುದು ಇದನ್ನೇ ಎಂದು ನೆನೆದರೆ ಇಂದಿಗೂ ಭಯವಾಗುತ್ತದೆ.

ಸಿಸ್ಟರ್ ಕಟ್ಟು ಬಿಚ್ಚಿಸಿ, ಬ್ಯಾಗಿನಲ್ಲಿದ್ದ ಕನ್ನಡಕ ಹಾಕಿಸಿ, ಮಗನನ್ನು ಅಜ್ಜನ ಕಣ್ಣೆದುರಿಗೇ ಕೂರಿಸಿದರು. "ಅಪ್ಪಾ, ಆಸ್ಪತ್ರೇಲಿದ್ದೀವಿ, ದನ ತಮ್ಮ ನೋಡ್ಕೊತಾನೆ" ಎಂದು ಮಗ ಮತ್ತೆ ಮತ್ತೆ ಹೇಳಿದ. ಒಂದು ಗಂಟೆಯೊಳಗೆ ಕೂಗು ನಿಂತಿತು. ಪೂರ್ತಿ ತಿಳಿಯಾಗಲು ಇನ್ನೂ ಎರಡು ದಿನ ಹಿಡಿಯಿತು. ಮಣಿಕಟ್ಟಿನ ಕೆಂಪು ಗೆರೆ ತೋರಿಸಿ, "ಇದೇನವ್ವಾ?" ಎಂದು ಅಜ್ಜ ನನ್ನನ್ನೇ ಕೇಳಿದರು. ಕಟ್ಟಿದವಳು ನಾನೇ ಎಂದು ಹೇಳಿದೆ.