ಆ ಇಂಜೆಕ್ಷನ್ ನನ್ನ ಚೀಲದಲ್ಲಿಲ್ಲ

ಮೊನ್ನೆ ಕಟಪಾಡಿಯ ಮದರಂಗಿ ಮನೆಯಲ್ಲಿ ಕೋರಿ ರೊಟ್ಟಿ ಮುರಿದು ಕೋಳಿ ಸಾರು ಬರುವುದನ್ನು ಕಾಯುತ್ತಿದ್ದೆ. ಪಕ್ಕದಲ್ಲಿ ಕುಳಿತವರು ಕೇಳಿಯೇ ಬಿಟ್ಟರು: "ಸಿಸ್ಟರ್, ದಯಾಮರಣಕ್ಕೆ ಕಾನೂನು ಬೇಕೋ ಬೇಡವೋ?"

ಉಡುಪಿಯ ಸುತ್ತಮುತ್ತ, ವಾಸಿಯಾಗದ ಕಾಯಿಲೆಯವರ ಮನೆಗಳಿಗೆ ಹೋಗಿ ಆರೈಕೆ ಮಾಡುವ ನರ್ಸ್ ನಾನು. ಬಸ್ಸಿನಲ್ಲಿ ಸಿಕ್ಕರೂ ಇದೇ ಪ್ರಶ್ನೆ, ಮೀನಿನ ಮಾರುಕಟ್ಟೆಯಲ್ಲಿ ಬಂಗುಡೆ ಆರಿಸುವಾಗಲೂ ಇದೇ. ಉತ್ತರವನ್ನು ಒಮ್ಮೆ ಬರೆದಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ಕಾನೂನೇ ಇಲ್ಲವೆಂಬ ಹಾಗೆ ಕೇಳಬೇಡಿ. ಅರ್ಧ ಇದೆ. ನಮ್ಮ ಕರಾವಳಿಯ ಹಳದೀಪುರದ ಅರುಣಾ ಶಾನಭಾಗ, ನನ್ನ ಹಾಗೆಯೇ ನರ್ಸ್. 1973ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಅತ್ಯಾಚಾರಕ್ಕೆ ಒಳಗಾಗಿ ಮಲಗಿದವರು 2015ರಲ್ಲಿ ತೀರಿಕೊಳ್ಳುವವರೆಗೂ ಏಳಲಿಲ್ಲ. ಅವರ ಪರವಾಗಿ ಪತ್ರಕರ್ತೆ ಪಿಂಕಿ ವಿರಾನಿ ದಯಾಮರಣ ಕೋರಿ ಹಾಕಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಿರಸ್ಕರಿಸಿತು. ಆದರೆ ಅದೇ ತೀರ್ಪಿನಲ್ಲಿ, ಗುಣವಾಗದ ರೋಗಿಗೆ ಜೀವ ಉಳಿಸುವ ಚಿಕಿತ್ಸೆಯನ್ನು ಕೆಲವು ಷರತ್ತುಗಳ ಮೇಲೆ ನಿಲ್ಲಿಸಬಹುದು ಎಂದಿತು. ಗೌರವದಿಂದ ಸಾಯುವುದೂ ಹಕ್ಕು ಎಂದು 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಇಂಜೆಕ್ಷನ್ ಕೊಟ್ಟು ಕೊಲ್ಲುವುದು ಮಾತ್ರ ಇಂದಿಗೂ ಅಪರಾಧ. ಕೊಟ್ಟರೆ ನಾನು ಜೈಲಿಗೆ ಹೋಗುತ್ತೇನೆ. ಕೊಡಿಸಿದ ನೀವೂ ಬರುತ್ತೀರಿ. ಅಲ್ಲಿ ಕೋರಿ ರೊಟ್ಟಿ ಇರುವುದಿಲ್ಲ.

ಕಾನೂನಿನ ಮಾತು ಮುಗಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ವಾಕ್ಯ: "ನಾಯಿಗಾದರೆ ಕೊಡುತ್ತಾರಲ್ಲ?" ಇದನ್ನು ಕೇಳಿದಾಗ ನನಗೆ ಒಂದು ಚಾವಡಿ ನೆನಪಾಗುತ್ತದೆ. ಬಾಯಿ ಕ್ಯಾನ್ಸರಿನ ಅಜ್ಜ ಮಂಚದಲ್ಲಿದ್ದರು. ದುಬೈಯಿಂದ ಬಂದಿದ್ದ ಮಗ ನಾಯಿಯ ಮಾತನ್ನೇ ತಂದೆಯ ತಲೆದಿಂಬಿನ ಪಕ್ಕದಲ್ಲಿ ನಿಂತು ಹೇಳಿದ. "ಅವರಿಗೆ ಏನೂ ತಿಳಿಯುವುದಿಲ್ಲ" ಎಂದೂ ಸೇರಿಸಿದ. ಅಜ್ಜ ಕೈ ಚಾಚಿದರು. ಹಳೆಯ ಕ್ಯಾಲೆಂಡರಿನ ಹಾಳೆ ಮತ್ತು ಪೆನ್ನು ಕೊಟ್ಟೆ. ಬರೆದರು: "ಫ್ಯಾನ್ ನಿಲ್ಲಿಸು. ಚಳಿ."

ಮಗನಿಗೆ ಸೆಕೆಯೆಂದು ಆ ಫ್ಯಾನು ನಾಲ್ಕು ದಿನಗಳಿಂದ ತಿರುಗುತ್ತಿತ್ತು.

ಇನ್ನೂ ಇದೆ. ವೈದ್ಯರು ಬರೆದುಕೊಟ್ಟ ಮಾರ್ಫಿನ್ ಮಾತ್ರೆಗಳು ಕಪಾಟಿನಲ್ಲಿ ಹಾಗೆಯೇ ಇದ್ದವು. ಕೇಳಿದರೆ, "ಅದರ ಚಟ ಹತ್ತಿಕೊಂಡರೆ?" ತಂದೆಯನ್ನು ಕಳುಹಿಸಿಬಿಡಲು ಸಿದ್ಧನಿದ್ದವನಿಗೆ ತಂದೆ ಚಟಗಾರನಾಗುತ್ತಾನೆಂಬ ಭಯ! ನಾನು ಕೂಗಾಡಿದೆ, ಸುಳ್ಳು ಹೇಳುವುದಿಲ್ಲ. ನಾಲ್ಕು ಗಂಟೆಗೊಂದು ಮಾತ್ರೆ, ಜೊತೆಗೆ ಮಲಬದ್ಧತೆಗೆ ಮದ್ದು. ಮೂರನೆಯ ದಿನ ಹೋದಾಗ ಅಜ್ಜ ಗಂಜಿಯ ತಿಳಿ ಗುಟುಕರಿಸುತ್ತಾ, ತೋಟಕ್ಕೆ ನೀರು ಬಿಟ್ಟರೋ ಇಲ್ಲವೋ ಎಂದು ಅದೇ ಹಾಳೆಯಲ್ಲಿ ಮಗನನ್ನು ವಿಚಾರಿಸುತ್ತಿದ್ದರು.

ಹಾಗೆಂದು ಮಾರ್ಫಿನ್ನಿಗೆ ಎಲ್ಲ ನೋವೂ ಬಗ್ಗುತ್ತದೆ ಎಂದು ನಾನು ಹೇಳಿದೆನೇ? ಬಗ್ಗದ ನೋವನ್ನೂ ನೋಡಿದ್ದೇನೆ. ಸ್ವತಃ ರೋಗಿಯೇ ನನ್ನ ಕೈ ಹಿಡಿದು "ಸಾಕು" ಎಂದಾಗ ನೆದರ್ಲೆಂಡ್ಸ್‌ನವರು 2002ರಲ್ಲಿ ಜಾರಿಗೆ ತಂದ, ಷರತ್ತುಗಳ ಮೇಲೆ ವೈದ್ಯರೇ ಇಂಜೆಕ್ಷನ್ ಕೊಡಬಹುದೆಂಬ ಕಾನೂನು ನನಗೂ ತಪ್ಪೆಂದು ತೋರಿಲ್ಲ. ಆದರೆ ನನ್ನನ್ನು ಕೇಳುವವರಲ್ಲಿ ರೋಗಿಗಳು ಕಡಿಮೆ. ನೋಡಲಾಗದವರು, ರಜೆ ಮುಗಿಯುತ್ತಾ ಬಂದವರು, ಐಸಿಯು ಬಿಲ್ಲಿಗೆ ಚಿನ್ನ ಅಡವಿಟ್ಟವರು ಹೆಚ್ಚು. ಅವರ ಕಷ್ಟ ಸುಳ್ಳಲ್ಲ. ಆದರೆ ಅದಕ್ಕೆ ಮದ್ದನ್ನು ಅಜ್ಜನ ತೋಳಿಗೆ ಚುಚ್ಚಲಾಗುವುದಿಲ್ಲ.

"ಸಿಸ್ಟರ್, ನನಗೆ ವೆಂಟಿಲೇಟರ್ ಬೇಡವೆಂದು ಈಗಲೇ ಬರೆದಿಡುವುದು ಹೇಗೆ?" ಎಂದು ಒಬ್ಬರಾದರೂ ಕೇಳಿದ್ದರೆ ಸಾರು ಆರಿದರೂ ಕುಳಿತು ಹೇಳುತ್ತಿದ್ದೆ. ಮೊದಲು ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರಿಂದ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿದರೆ ಸಾಕು. ನಿಮಗೆ ಮಾತು ನಿಂತಾಗ ನಿಮ್ಮ ಪರವಾಗಿ ತೀರ್ಮಾನಿಸುವವರು ಯಾರೆಂದು ಹೆಸರಿಸಬೇಕು. ಆ ಹೊತ್ತು ಬಂದಾಗ ಚಿಕಿತ್ಸೆ ನಿಲ್ಲಿಸಲು ಆಸ್ಪತ್ರೆಯಲ್ಲಿ ಮೂವರು ವೈದ್ಯರ ಒಂದು ಮಂಡಳಿ, ಅದರ ಮೇಲೆ ಮೂವರ ಇನ್ನೊಂದು ಮಂಡಳಿ ಒಪ್ಪಬೇಕು. ಇದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶವನ್ನೂ ಹೊರಡಿಸಿದೆ.

ನನ್ನದನ್ನು ಬರೆದಾಗಿದೆ. ಪಡಿತರ ಚೀಟಿಯ ಅಡಿಯಲ್ಲಿದೆ. ಸಾಕ್ಷಿಗೆ ಪಕ್ಕದ ಮನೆಯ ಅಕ್ಕನನ್ನು ಕರೆದರೆ, "ಮಂಗಳವಾರ ಇಂಥದ್ದಕ್ಕೆಲ್ಲ ಸಹಿ ಹಾಕುವುದಿಲ್ಲ ಮಾರಾಯ್ತಿ" ಎಂದರು. ಬುಧವಾರ ಹೋದೆ. ಮನೆಗೆ ಬೀಗ. ಆಮೇಲೆ ಆಟೋ ಓಡಿಸುವ ಒಬ್ಬರು ಸಹಿ ಹಾಕಿದರು. ಇನ್ನೊಬ್ಬರು ಬೇಕು. ಮೀನಿನ ಮಾರುಕಟ್ಟೆಯಲ್ಲಿ ನನ್ನನ್ನು ತಡೆದು ಕೇಳುವಷ್ಟು ಪುರುಸೊತ್ತು ಇರುವವರು, ಮುಂದಿನ ಸಲ ಪೆನ್ನು ಹಿಡಿದುಕೊಂಡು ಬನ್ನಿ.