ಕಿತಾಂಗ್ಲಾಡ್ ಬೆಟ್ಟದಲ್ಲಿ ಒಂದು ಸಂಜೆ

16 ಫೆಬ್ರವರಿ 2025, ಭಾನುವಾರ
ದಲ್ವಾಂಗನ್ ಮೇಲಿನ ಕಾಡು, ಬುಕಿದ್ನೋನ್, ಫಿಲಿಪೀನ್ಸ್

ಮಗಳು ದವಾವೋದಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಅವಳಿಗೆ ಪರೀಕ್ಷೆ, ನನಗೆ ರಜೆ. ಚಕ್ಕುಲಿ ಡಬ್ಬಿ ಅವಳ ರೂಮಿಗೆ ತಲುಪಿಸಿ, ಬೈನಾಕ್ಯುಲರ್ ಕತ್ತಿಗೆ ಹಾಕಿಕೊಂಡು ಮಲೈಬಲೈ ಬಸ್ ಹತ್ತಿದೆ. ಮಿಂಡನಾವೋ ದ್ವೀಪದ ಈ ನಡುಭಾಗ ಎತ್ತರದ ನೆಲ. ಕಬ್ಬು, ಜೋಳ, ಕಣ್ಣು ಹಾಯುವಷ್ಟು ದೂರ ಅನಾನಸ್ ತೋಟ. ಆಮೇಲೆ ಇದ್ದಕ್ಕಿದ್ದಂತೆ ಮೋಡ ಹೊತ್ತ ಬೆಟ್ಟಸಾಲು. ಕಿತಾಂಗ್ಲಾಡ್ 2,899 ಮೀಟರ್. ಅದೇ ಸಾಲಿನ ದುಲಾಂಗ್-ದುಲಾಂಗ್ 2,938 ಮೀಟರ್, ಈ ದೇಶದಲ್ಲೇ ಎರಡನೇ ಎತ್ತರದ ಶಿಖರ.

ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಬರುವುದು ಫಿಲಿಪೀನ್ಸ್ ಹದ್ದು ನೋಡಲು. ನಾನೂ ಹದ್ದಿಗೆ ಬೇಡ ಅನ್ನುವವನಲ್ಲ. ಆದರೆ ತಲೆಯಲ್ಲಿ ಬಹಳ ದಿನದಿಂದ ಕೂತಿದ್ದು ಬೇರೆ ಹಕ್ಕಿ. ಬುಕಿದ್ನೋನ್ ವುಡ್‌ಕಾಕ್.

ವುಡ್‌ಕಾಕ್ ಗೊತ್ತಿಲ್ಲದವರಿಗೆ: ಗದ್ದೆಯಲ್ಲಿ ಕಾಣುವ ಸ್ನೈಪ್‌ನ ನೆಂಟ, ಆದರೆ ಕಾಡಿನೊಳಗೆ ಇರುವುದು. ದಪ್ಪ ಮೈ, ಉದ್ದ ಕೊಕ್ಕು, ಮೈಮೇಲೆ ತರಗೆಲೆಯದೇ ಬಣ್ಣ. ಹಗಲೆಲ್ಲ ನೆಲದ ಮೇಲೆ ಅಲ್ಲಾಡದೆ ಕೂತಿರುತ್ತದೆ. ಕಣ್ಣುಗಳು ತಲೆಯ ಹಿಂದಕ್ಕೆ ಸರಿದಿರುವುದರಿಂದ ಕತ್ತು ತಿರುಗಿಸದೆಯೇ ಹಿಂದೆ ಬರುವವರೂ ಕಾಣುತ್ತಾರೆ. ಕಣ್ಣು ಹಿಂದೆ ಹೋದದ್ದಕ್ಕೆ ಕಿವಿಯ ತೂತು ಕಣ್ಣಿನ ಕೆಳಗೆ, ಸ್ವಲ್ಪ ಮುಂದಕ್ಕೆ ಬಂದುಬಿಟ್ಟಿದೆ. ವಿಚಿತ್ರ ಅಲ್ವಾ! ಕೊಕ್ಕಿನ ತುದಿಯಲ್ಲಿ ಸ್ಪರ್ಶ ತಿಳಿಯುವ ನರಗಳಿವೆ. ಬುಡ ಮುಚ್ಚಿಕೊಂಡೇ ತುದಿಯೊಂದನ್ನೇ ತೆರೆಯಲು ಬರುತ್ತದೆ. ಒದ್ದೆ ಮಣ್ಣಿನೊಳಗೆ ಎರೆಹುಳ ಹಿಡಿಯುವುದು ಹೀಗೆ.

ಪ್ರಪಂಚದಲ್ಲಿ ಒಟ್ಟು ಎಂಟು ಜಾತಿಯ ವುಡ್‌ಕಾಕ್‌ಗಳು. ಯುರೇಷಿಯದ್ದು ಒಂದು, ಅಮೆರಿಕದ್ದು ಒಂದು. ಇವೆರಡೂ ಚಳಿಗೆ ವಲಸೆ ಹೋಗುವಂಥವು. ಉಳಿದ ಆರೂ ದ್ವೀಪವಾಸಿಗಳು. ಜಪಾನಿನ ಅಮಾಮಿ, ಸುಲವೇಸಿ, ಮಲುಕು, ನ್ಯೂಗಿನಿ, ಜಾವಾ-ಸುಮಾತ್ರಾ, ಮತ್ತೆ ಈ ಫಿಲಿಪೀನ್ಸ್. ನೆತ್ತಿಯ ಮೇಲೆ ಸುಡುವ ಸೂರ್ಯನ ನಾಡಿನಲ್ಲಿ ತಂಪು, ಒದ್ದೆ ನೆಲ ಬೇಕೆಂದರೆ ಬೆಟ್ಟ ಹತ್ತಲೇಬೇಕು. ಹಾಗಾಗಿ ಇಲ್ಲಿಯದು ಹೆಚ್ಚುಕಡಿಮೆ ಸಾವಿರ ಮೀಟರ್‌ಗಿಂತ ಮೇಲಿನ ಕಾಡಿನಲ್ಲೇ ಇದೆ.

ಇದರ ಕಥೆ ನನಗೆ ಹಿಡಿಸುವುದು ಯಾಕೆಂದರೆ, ಇದನ್ನು ಕಂಡುಹಿಡಿದಿದ್ದು ಕಣ್ಣಲ್ಲ, ಕಿವಿ. 1960ರ ದಶಕದಲ್ಲೇ ಉತ್ತರದ ಲುಜಾನ್ ದ್ವೀಪದಲ್ಲಿ ಇದರ ಮಾದರಿಗಳು, ಅಂದರೆ ಸಂಗ್ರಹಕ್ಕೆಂದು ಕೊಂದು ಇಡುವ ಹಕ್ಕಿಗಳು, ಸಿಕ್ಕಿದ್ದವು. ಯುರೇಷಿಯದ ವುಡ್‌ಕಾಕ್ ಎಂದು ಚೀಟಿ ಬರೆದು ಇಟ್ಟರು. ಚಳಿಗಾಲಕ್ಕೆ ದಾರಿ ತಪ್ಪಿ ಬಂದಿರಬೇಕು ಅಂದುಕೊಂಡರೆ ತಪ್ಪೇನೂ ಕಾಣುವುದಿಲ್ಲ. ಚರ್ಮಕ್ಕೆ ಹತ್ತಿ ತುಂಬಿದ ಹಕ್ಕಿ ವಾದ ಮಾಡುವುದಿಲ್ಲವಲ್ಲ. 1993ರಲ್ಲಿ ಇದೇ ಕಿತಾಂಗ್ಲಾಡ್‌ನಲ್ಲಿ, ಮುಸ್ಸಂಜೆ ಕೂಗುತ್ತಾ ಹಾರುವ ವುಡ್‌ಕಾಕ್‌ಗಳು ಸಿಕ್ಕವು. ಕೂಗು ಯುರೇಷಿಯದ ಹಕ್ಕಿಯದಲ್ಲವೇ ಅಲ್ಲ. ಅಲ್ಲಿಂದ ಹಳೆಯ ಚೀಟಿಗಳ ಮೇಲೆ ಅನುಮಾನ ಶುರುವಾಯಿತು.

ಆದರೆ ವಿಜ್ಞಾನಕ್ಕೆ ಕೂಗು ಸಾಲದು. 1995ರ ಫೆಬ್ರವರಿಯಲ್ಲಿ ಇಲ್ಲೊಂದು ಹಕ್ಕಿಯನ್ನು ಮಾದರಿಗಾಗಿ ಹಿಡಿದರು. ಕೆನಡಿ, ಫಿಶರ್, ಹ್ಯಾರಪ್, ಡಿಯೆಸ್ಮೊಸ್, ಮನಮ್ತಮ್ ಎಂಬ ಐವರು ಸಂಶೋಧಕರು ಸೇರಿ ಹೊಸ ಜಾತಿ ಎಂದು ಬರೆದು ಪ್ರಕಟಿಸಿದ್ದು 2001ರಲ್ಲಿ. ದನಿಯಿಂದ ಗುರುತು ಸಿಕ್ಕಿದ ಹಕ್ಕಿಗೆ ಹೆಸರು ಬರಲು ಮತ್ತೆ ಒಂದು ಚರ್ಮವೇ ಬೇಕಾಯಿತು. ಇದು ಸರಿಯೋ ತಪ್ಪೋ ಎಂದು ನಾನು ಎರಡೂ ಕಡೆ ವಾದ ಮಾಡಬಲ್ಲೆ. ಮಾದರಿ ಇಲ್ಲದಿದ್ದರೆ ಲುಜಾನಿನ ಹಳೆಯ ಹಕ್ಕಿಗಳನ್ನು ಯಾವುದರ ಪಕ್ಕ ಇಟ್ಟು ನೋಡುವುದು? ಆದರೂ ಮನಸ್ಸು ಪೂರ್ತಿ ಒಪ್ಪುವುದಿಲ್ಲ.

ಬೆಟ್ಟ ಹತ್ತುವ ಮೊದಲು ಗೈಡ್ ನಮ್ಮನ್ನು ಊರಿನ ಹಿರಿಯರೊಬ್ಬರ ಮನೆಗೆ ಕರೆದುಕೊಂಡು ಹೋದ. ಇದು ತಲಾಂಡಿಗ್, ಹಿಗಾವೋನೋನ್, ಬುಕಿದ್ನೋನ್ ಜನರ ಪೂರ್ವಜರ ಕಾಡು. ಕೇಳದೆ ಒಳಗೆ ಹೋಗುವ ಹಾಗಿಲ್ಲ. ಪ್ರಾರ್ಥನೆ ಆಯಿತು, ಕೋಳಿ ಕೊಯ್ದರು. ಮಲೆನಾಡಿನವನಿಗೆ ಇದರಲ್ಲಿ ಹೊಸದೇನಿದೆ. ಕೆಳಗಿನ ಇಳಿಜಾರೆಲ್ಲ ತರಕಾರಿ ಹೊಲ. ಕಾಡು ಶುರುವಾಗುವುದು ಅದರ ಮೇಲೆ.

ಸಂಜೆ ಐದೂವರೆಗೆಲ್ಲ ಕಾಡಂಚಿನ ಬಯಲಿನಲ್ಲಿ ನಿಂತೆವು. ಇಲ್ಲಿ ಸೂರ್ಯ ಮುಳುಗಿದ ಮೇಲೆ ಕತ್ತಲಾಗಲು ಹೊತ್ತು ಬೇಡ. ಮಂಜು ಬೇರೆ ಇಳಿಯುತ್ತಿತ್ತು. ಇವತ್ತು ಏನೂ ಕಾಣಲ್ಲ ಅಂತ ನಾನು ಗೊಣಗುತ್ತಿದ್ದೆ. ಆಗ ಮರಗಳ ತಲೆಯ ಮೇಲಿಂದ ಲೋಹಕ್ಕೆ ಲೋಹ ತಾಗಿದಂತೆ ಚುರುಕಾಗಿ ಟಿಪ್-ಟಿಪ್-ಟಿಪ್-ಟಿಪ್. ಗೈಡ್ ಕೈ ತೋರಿಸುವಷ್ಟರಲ್ಲಿ ಹಕ್ಕಿ ತಲೆ ಮೇಲೇ ಬಂದಿತ್ತು. ಗುಂಡು ಮೈ, ಕೆಳಗೆ ಬಾಗಿಸಿದ ಕೊಕ್ಕು, ಅಷ್ಟೇ. ಬಣ್ಣ ಗಿಣ್ಣ ಕೇಳಬೇಡಿ. ಬಯಲು ದಾಟಿ ಹೋಯಿತು, ತುಸು ಹೊತ್ತಿಗೆ ಅದೇ ದಾರಿಯಲ್ಲಿ ವಾಪಸ್ ಬಂತು. ಬೆಳಿಗ್ಗೆ ನಸುಕಿನಲ್ಲೂ ಹೀಗೇ ಸುತ್ತು ಹಾಕುತ್ತದೆ. ವುಡ್‌ಕಾಕ್ ಗಂಡುಗಳು ಹೆಣ್ಣಿಗಾಗಿ ನಡೆಸುವ ಹಾರಾಟ ಇದು.

ನಮ್ಮ ಪಶ್ಚಿಮ ಘಟ್ಟಕ್ಕೂ, ನೀಲಗಿರಿಗೂ ಚಳಿಗಾಲದಲ್ಲಿ ಯುರೇಷಿಯದ ವುಡ್‌ಕಾಕ್ ಬರುತ್ತದೆ. ಕೊಡಗಿನ ತೋಟದಂಚಿನಲ್ಲಿ ಕಾಲಡಿಯಿಂದ ಬುರ್ರನೆ ಎದ್ದು ಹೋಗಿದ್ದು ನೋಡಿದ್ದೇನೆ. ಅದು ಈ ಹಾರಾಟ ನಡೆಸುವುದು ಹಿಮಾಲಯದಂಥ ತನ್ನ ಮರಿ ಮಾಡುವ ಜಾಗದಲ್ಲಿ. ಕಪ್ಪೆ ವಟಗುಟ್ಟಿದಂತೆ ಕೆಲವು ಸಲ, ಆಮೇಲೊಂದು ಸಣ್ಣ ಕೀರಲು ದನಿ, ಹಾಗಿರುತ್ತದಂತೆ ಅದರ ಕೂಗು. ನಾನು ಕೇಳಿರುವುದು ರೆಕಾರ್ಡಿಂಗ್‌ನಲ್ಲಿ ಮಾತ್ರ. ಅದನ್ನು ಕೇಳಿದ ಯಾರಿಗಾದರೂ ಇವತ್ತಿನ ಸದ್ದು ಬೇರೆ ಎಂದು ಮೊದಲ ಸಲಕ್ಕೇ ಗೊತ್ತಾಗುತ್ತದೆ.

ನಮ್ಮ ಜೊತೆಗಿದ್ದ ಒಬ್ಬರು ಫೋನಿನಲ್ಲಿ ಇದೇ ಕೂಗು ಹಾಕಿ ಹಕ್ಕಿಯನ್ನು ಹತ್ತಿರ ಕರೆಯೋಣ ಎಂದರು. ಗೈಡ್ ಬೇಡ ಎಂದ. ನನಗೆ ಅವನ ಮೇಲೆ ಪ್ರೀತಿ ಬಂತು. ಇರುವುದೇ ಕೆಲವು ನಿಮಿಷಗಳ ಬೆಳಕು. ಅದನ್ನೂ ನಮ್ಮ ಸ್ಪೀಕರ್ ಜೊತೆ ಜಗಳಕ್ಕೆ ಅದು ಯಾಕೆ ಕಳೆಯಬೇಕು?

ಅಳಿವಿನ ಅಂಚಿನ ಪಟ್ಟಿಯಲ್ಲಿ ಈ ಹಕ್ಕಿ ಇಲ್ಲ. ಮಿಂಡನಾವೋ, ಲುಜಾನ್ ಎರಡರಲ್ಲೂ ಹಲವು ಬೆಟ್ಟಗಳಲ್ಲಿ ಸಿಕ್ಕಿದೆ. ಎತ್ತರದ ಕಾಡು ಕಡಿಯುವುದು ಕಷ್ಟ ಎಂಬುದೂ ಒಂದು ಕಾರಣ ಇರಬೇಕು. ಆದರೆ ಬರುವಾಗ ಕೋಸಿನ ಹೊಲದ ಪಕ್ಕದಲ್ಲೇ ಸುಟ್ಟ ಮರದ ಬೊಡ್ಡೆಗಳಿದ್ದವು. ಹೊಲ ಮಾಡಿದವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ರಾತ್ರಿ ಊಟಕ್ಕೆ ತಿಂದಿದ್ದು ಅದೇ ಕೋಸಿನ ಪಲ್ಯ.

ನಾಲ್ಕೂವರೆಗೆ ಏಳಬೇಕು. ನಸುಕಿನ ಹಾರಾಟ ಒಂದು ಸಲ ನೋಡಿ, ಆಮೇಲೆ ಹದ್ದಿಗೆ ಮೇಲಿನ ದಿಬ್ಬಕ್ಕೆ. ಅಮ್ಮನಿಗೆ ಫೋನ್ ಮಾಡೋಣ ಅಂದರೆ ಸಿಗ್ನಲ್ ಇಲ್ಲ.