ರಾಗಿ ಸರಿ ಕೊಡ್ತಿದ್ದೀವಿ, ಆದ್ರೂ ಮಗು ತೂಕ ಏರ್ತಿಲ್ಲ, ಯಾಕೆ?

"ದಿನಕ್ಕೆ ಎರಡು ಸಲ ರಾಗಿ ಸರಿ ಕುಡಿಸ್ತಿದ್ದೀವಿ. ಲೋಟ ಪೂರ್ತಿ ಖಾಲಿ ಮಾಡ್ತಾನೆ. ಆದ್ರೂ ತೂಕ ಏರ್ತಿಲ್ಲ, ಯಾಕೆ?" ಏಳೆಂಟು ತಿಂಗಳ ಮಕ್ಕಳ ಅಮ್ಮಂದಿರು ಕೇಳುವ ಪ್ರಶ್ನೆ ಇದು. ಅಜ್ಜಿಯರು ಇನ್ನೂ ಹೆಚ್ಚು ಕೇಳುತ್ತಾರೆ. ಉತ್ತರದ ದೊಡ್ಡ ಪಾಲು ಆ ಪ್ರಶ್ನೆಯೊಳಗಿನ ಒಂದೇ ಮಾತಿನಲ್ಲಿ ಅಡಗಿದೆ: ಕುಡಿಸ್ತಿದ್ದೀವಿ. ಕುಡಿಯುವಷ್ಟು ತೆಳ್ಳಗಿದ್ದರೆ ಆ ಸರಿಯಲ್ಲಿ ಹೆಚ್ಚಿಗೆ ಇರುವುದು ನೀರು.

ಲೆಕ್ಕ ಹಾಕಿ ನೋಡೋಣ. ಒಂದು ಲೋಟ, ಅಂದರೆ 200 ಮಿ.ಲೀ. ನೀರಿಗೆ ಎರಡು ಟೀ ಚಮಚ ಹಿಟ್ಟು ಹಾಕಿ ಕಾಯಿಸುವುದು ಬಹಳ ಮನೆಗಳ ರೂಢಿ. ಎರಡು ಟೀ ಚಮಚ ಹಿಟ್ಟು ಆರೇಳು ಗ್ರಾಂ ತೂಗುತ್ತದೆ. ಅದರಲ್ಲಿ ಸಿಗುವ ಶಕ್ತಿ ಸುಮಾರು 20 ಕಿಲೊಕ್ಯಾಲರಿ. ಅದೇ 200 ಮಿ.ಲೀ. ಎದೆಹಾಲಿನಲ್ಲಿ ಸುಮಾರು 130 ಕಿಲೊಕ್ಯಾಲರಿ ಇರುತ್ತದೆ. ಮಗುವಿನ ಹೊಟ್ಟೆ ಹಿಡಿಯುವುದು ಕೆ.ಜಿ. ತೂಕಕ್ಕೆ 30 ಮಿ.ಲೀ.ನಷ್ಟು, ಏಳು ಕೆ.ಜಿ. ಮಗುವಿಗೆ ಒಂದು ಲೋಟಕ್ಕೇ ಹೊಟ್ಟೆ ತುಂಬಿತು. ಆಮೇಲೆ ಎರಡು ಮೂರು ಗಂಟೆ ಅದು ಎದೆಹಾಲನ್ನೂ ಕೇಳುವುದಿಲ್ಲ. 130 ಸಿಗಬೇಕಾದ ಜಾಗದಲ್ಲಿ 20 ಸಿಕ್ಕಿತು. ಹೊಟ್ಟೆ ತುಂಬಿದ ಮಗು ತಣ್ಣಗೆ ಮಲಗುತ್ತದೆ, ಹಾಗಾಗಿ ಮನೆಯವರಿಗೆ ಎಲ್ಲವೂ ಸರಿಯಾಗಿದೆ ಅನ್ನಿಸುತ್ತದೆ. ತಿಂಗಳ ಕೊನೆಗೆ ತಕ್ಕಡಿ ಬೇರೆ ಮಾತು ಹೇಳುತ್ತದೆ.

ತೆಳ್ಳಗೆ ಮಾಡುವ ರೂಢಿ ಸುಮ್ಮನೆ ಬಂದದ್ದಲ್ಲ. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಒಳಲೆಯಲ್ಲಿ, ಅಂದರೆ ಮೂತಿಯಿರುವ ಚಿಕ್ಕ ಬಟ್ಟಲಿನಲ್ಲಿ, ಸುರಿಯುವ ಪದ್ಧತಿ ನಮ್ಮಲ್ಲಿದೆ. ಒಳಲೆಯ ಮೂತಿಯಿಂದ ಇಳಿಯಬೇಕಾದರೆ ಸರಿ ನೀರಾಗಲೇಬೇಕು. ಈಗ ಒಳಲೆಯ ಜಾಗಕ್ಕೆ ಬಾಟಲಿ ಬಂದಿದೆ, ನಿಪ್ಪಲ್‌ನ ತೂತನ್ನು ಕಾಸಿದ ಸೂಜಿಯಿಂದ ದೊಡ್ಡದು ಮಾಡುವವರೂ ಇದ್ದಾರೆ. ಎರಡನ್ನೂ ಬಿಟ್ಟುಬಿಡಿ. ಅಂಗಾತ ಮಲಗಿದ ಮಗುವಿನ ಬಾಯಿಗೆ ಸುರಿದರೆ ಅದು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಆಧಾರ ಕೊಟ್ಟು ನೆಟ್ಟಗೆ ಕೂರಿಸಿ, ಬಟ್ಟಲು ಮತ್ತು ಚಿಕ್ಕ ಚಮಚ ಹಿಡಿಯಿರಿ. ಚಮಚ ಓರೆ ಮಾಡಿದಾಗ ಸರಿ ಸುಲಭವಾಗಿ ಹರಿದು ಬೀಳಬಾರದು, ಚಮಚದಲ್ಲೇ ನಿಲ್ಲಬೇಕು. ಹದ ನೋಡಲು ಇದಕ್ಕಿಂತ ಸರಳವಾದ ಪರೀಕ್ಷೆ ಇಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು. ತೂಕ ನಿಜಕ್ಕೂ ಏರುತ್ತಿಲ್ಲವೇ ಅಂತ ಮೊದಲು ನೋಡಿಕೊಳ್ಳಿ. ಹುಟ್ಟಿದ ಮೊದಲ ಮೂರು ತಿಂಗಳು ಮಗು ತಿಂಗಳಿಗೆ ಮುಕ್ಕಾಲರಿಂದ ಒಂದು ಕೆ.ಜಿ.ವರೆಗೆ ಏರುತ್ತದೆ. ಆ ವೇಗ ಉಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಬೆಳವಣಿಗೆ ಪಟ್ಟಿಯ ಪ್ರಕಾರ ಗಂಡುಮಗುವಿನ ಮಧ್ಯಮ ತೂಕ ಆರು ತಿಂಗಳಿಗೆ 7.9 ಕೆ.ಜಿ., ವರ್ಷಕ್ಕೆ 9.6, ಹೆಣ್ಣುಮಗುವಿಗೆ 7.3 ಮತ್ತು 8.9. ಆರು ತಿಂಗಳಲ್ಲಿ ಹೆಚ್ಚುವುದು ಒಂದೂಮುಕ್ಕಾಲು ಕೆ.ಜಿ.ಗಿಂತ ಕಡಿಮೆ, ತಿಂಗಳಿಗೆ ಮುನ್ನೂರು ಗ್ರಾಂ ಆಸುಪಾಸು. ವರ್ಷ ತುಂಬಿದ ಮೇಲೆ ಇನ್ನೂ ನಿಧಾನ, ಇಡೀ ಎರಡನೆಯ ವರ್ಷದಲ್ಲಿ ಎರಡೂವರೆ ಕೆ.ಜಿ. ಹತ್ತಿರ. ಪಕ್ಕದ ಮನೆ ಮಗುವನ್ನು ಎತ್ತಿ ನೋಡಿ ಹೋಲಿಸುವುದರಿಂದ ಏನೂ ತಿಳಿಯುವುದಿಲ್ಲ. ಒಂದೇ ತಕ್ಕಡಿಯಲ್ಲಿ, ಆದಷ್ಟು ಕಡಿಮೆ ಬಟ್ಟೆಯಲ್ಲಿ ತಿಂಗಳಿಗೊಮ್ಮೆ ತೂಗಿ ತಾಯಿ ಕಾರ್ಡಿನಲ್ಲಿರುವ ಮಗುವಿನ ಬೆಳವಣಿಗೆ ಪಟ್ಟಿಯಲ್ಲಿ ಚುಕ್ಕೆ ಹಾಕಿಸಿ. ಮಗು ಸಣ್ಣದಿದ್ದರೂ ಚುಕ್ಕೆಗಳ ಗೆರೆ ತನ್ನ ದಾರಿಯಲ್ಲೇ ಮೇಲೇರುತ್ತಿದ್ದರೆ ಹೆದರಬೇಕಾದ್ದಿಲ್ಲ. ಗೆರೆ ಅಡ್ಡಕ್ಕೆ ಮಲಗಿದರೆ ಊಟದ ಕಡೆ ನೋಡಬೇಕು.

ಈಗ ಸರಿ ಹಿಟ್ಟಿನ ವಿಷಯ. ಮಲೆನಾಡು, ಕರಾವಳಿ ಕಡೆ ಸರಿಯನ್ನು ಮಣ್ಣಿ ಅನ್ನುತ್ತಾರೆ. ಅಲ್ಲಿ ನೆನೆದ ರಾಗಿಯನ್ನು ರುಬ್ಬಿ, ಹಾಲು ಹಿಂಡಿ ಕಾಯಿಸುತ್ತಾರೆ. ಮೈಸೂರು ಸೀಮೆಯಲ್ಲಿ ಮೊಳಕೆ ಕಟ್ಟಿ ಹಿಟ್ಟು ಮಾಡುತ್ತಾರೆ. ನನ್ನ ಮತ ಮೊಳಕೆಗೆ, ಅದಕ್ಕೆ ಕಾರಣವೂ ಇದೆ. ರಾಗಿ ಮೊಳೆತಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಅದು ಪಿಷ್ಟವನ್ನು ತುಂಡು ತುಂಡು ಮಾಡುವುದರಿಂದ ಗಟ್ಟಿ ಸರಿ ಸಡಿಲವಾಗುತ್ತದೆ. ಮೊಳಕೆ ಇಲ್ಲದ ಹಿಟ್ಟನ್ನು ಅಷ್ಟೇ ಹಾಕಿದರೆ ಮುದ್ದೆಯಂತಾಗಿ, ಮತ್ತೆ ನೀರು ಸುರಿಯುವ ಆಸೆ ಬರುತ್ತದೆ. ಅಂದರೆ ಮೊಳಕೆ ಹಿಟ್ಟಿನಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಮೊಳಕೆ ರಾಗಿಯ ಶಿಶು ಆಹಾರದ ಮೇಲೆ ಕೆಲಸ ಮಾಡಿದ್ದೂ ಈ ಗುಣದಿಂದಲೇ.

ಅರ್ಧ ಕೆ.ಜಿ. ರಾಗಿ ತೆಗೆದುಕೊಳ್ಳಿ. ಐದಾರು ನೀರಿನಲ್ಲಿ ತೊಳೆದು, ಜಾಲಿಸಿ ಕಲ್ಲು ಮಣ್ಣು ತೆಗೆಯಿರಿ. ಎಂಟು ಹತ್ತು ಗಂಟೆ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ. ನೀರು ಪೂರ್ತಿ ಬಸಿದು ಒದ್ದೆ ಹತ್ತಿ ಬಟ್ಟೆಯಲ್ಲಿ ಕಟ್ಟಿಡಿ. ಬೇಸಿಗೆಯಲ್ಲಿ ಒಂದು ದಿನ, ಚಳಿಗಾಲದಲ್ಲಿ ಒಂದೂವರೆ ದಿನ ಸಾಕು. ಮೊಳಕೆ ಬಿಳಿ ಎಳೆಯಂತೆ ಕಾಣಿಸಿದರೆ ಆಯಿತು, ಉದ್ದ ಬೆಳೆಯಲಿ ಅಂತ ಕಾಯಬೇಡಿ. ಹುಳಿ ವಾಸನೆ ಬಂದರೆ, ಲೋಳೆಯಾದರೆ, ಬೂಸ್ಟು ಕಂಡರೆ ಪೂರ್ತಿ ಎಸೆಯಿರಿ, ಆ ಭಾಗ ಮಾತ್ರ ತೆಗೆದು ಉಳಿದದ್ದನ್ನು ಬಳಸಬೇಡಿ. ಎರಡು ದಿನ ಚೆನ್ನಾಗಿ ಒಣಗಿಸಿ. ಮಳೆಗಾಲವಾದರೆ ತೆಳುವಾಗಿ ಹರಡಿ ಫ್ಯಾನಿನ ಕೆಳಗೆ. ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿದರೆ ಮೊಳಕೆ ಉದುರುತ್ತದೆ, ಕೇರಿಬಿಡಿ.

ತಪ್ಪಾಗುವುದು ಮುಂದಿನ ಹೆಜ್ಜೆಯಲ್ಲಿ. ಘಮ ಬರಲಿ ಎಂದು ರಾಗಿಯನ್ನು ಚಟಪಟ ಸಿಡಿಯುವ ತನಕ ಹುರಿಯುತ್ತಾರೆ. ಅಷ್ಟು ಕಾವಿಗೆ ಕಿಣ್ವ ಸತ್ತುಹೋಗುತ್ತದೆ, ಎರಡು ದಿನದ ಮೊಳಕೆಯ ಶ್ರಮದಲ್ಲಿ ಮುಖ್ಯವಾದದ್ದೇ ಹೋಯಿತು. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಗೆ ಬಿಸಿ ತಾಗುವಷ್ಟು ಬೆಚ್ಚಗೆ ಮಾಡಿದರೆ ಸಾಕು. 150 ಗ್ರಾಂ ಹೆಸರುಬೇಳೆಯನ್ನು ಮಾತ್ರ ತೊಳೆದು ಒಣಗಿಸಿ, ಬೇರೆಯಾಗಿ, ಹೊಂಬಣ್ಣ ಬರುವ ತನಕ ಹುರಿಯಿರಿ. ಎರಡನ್ನೂ ಸೇರಿಸಿ ಬೀಸಿಸಿ. ಗಿರಣಿಗೆ ಕೊಡುವುದಾದರೆ ಮೆಣಸಿನಕಾಯಿ ಬೀಸಿದ ಬೆನ್ನಿಗೆ ಹಾಕಬೇಡಿ ಎಂದು ಹೇಳಿ. ಮೊದಲ ಎರಡು ವಾರ ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡಿದರೆ ನಡೆಯುತ್ತದೆ, ಆಮೇಲೆ ಸಣ್ಣ ಜರಡಿ ಸಾಕು, ಏಕೆಂದರೆ ತೌಡಿನ ಜೊತೆ ಕ್ಯಾಲ್ಸಿಯಂ, ಕಬ್ಬಿಣವೂ ಆಚೆ ಹೋಗುತ್ತವೆ. ಗಾಳಿಯಾಡದ ಡಬ್ಬದಲ್ಲಿ ಮೂರು ನಾಲ್ಕು ವಾರ ಇರುತ್ತದೆ.

ಬಾದಾಮಿ, ಗೋಡಂಬಿ, ಪಿಸ್ತಾ, ಗೋಧಿ, ಬಾರ್ಲಿ ಅಂತ ಹದಿನೈದು ಪದಾರ್ಥ ಒಟ್ಟಿಗೆ ಹಾಕುವ ಹಿಟ್ಟು ಈಗ ಬಹಳ ಓಡುತ್ತಿದೆ. ಶುರುವಿಗೆ ಅದು ಬೇಡ. ಮೈಮೇಲೆ ದದ್ದು ಎದ್ದರೆ ಯಾವುದರಿಂದ ಎಂದು ಕಂಡುಹಿಡಿಯಲು ಆಗುವುದಿಲ್ಲ, ಜೊತೆಗೆ ಬೀಜಗಳ ಎಣ್ಣೆಯಿಂದ ಹಿಟ್ಟು ಬೇಗ ಕಮಟಾಗುತ್ತದೆ. ಹೊಸ ಪದಾರ್ಥ ಒಂದೊಂದಾಗಿ, ಮೂರು ದಿನದ ಅಂತರದಲ್ಲಿ ಬರಲಿ.

ಸರಿ ಮಾಡುವಾಗ ಎರಡು ದೊಡ್ಡ ಚಮಚ, ಅಂದರೆ 20 ಗ್ರಾಂ ಹಿಟ್ಟನ್ನು 150 ಮಿ.ಲೀ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ಒಲೆಯ ಮೇಲಿಡಿ. ಕುದಿಯುವ ನೀರಿಗೆ ಹಿಟ್ಟು ಹಾಕಿದರೆ ಕಿಣ್ವ ಕೆಲಸ ಮಾಡುವ ಮೊದಲೇ ಬೆಂದುಹೋಗುತ್ತದೆ. ಸಣ್ಣ ಉರಿಯಲ್ಲಿ ನಿಧಾನಕ್ಕೆ ಬಿಸಿಯಾಗಲಿ, ಕೈ ಬಿಡದೆ ತಿರುವುತ್ತಿರಿ, ಕುದಿ ಬಂದ ಮೇಲೆ ಐದು ನಿಮಿಷ ಬೇಯಲಿ. ಇಳಿಸಿ ಒಂದು ಟೀ ಚಮಚ ತುಪ್ಪ ಹಾಕಿ. ತುಪ್ಪವೊಂದೇ 40 ಕಿಲೊಕ್ಯಾಲರಿ ಕೊಡುತ್ತದೆ, ಹಿಟ್ಟಿನದು 65. ಸೇರಿ ನೂರರ ಮೇಲಾಯಿತು. ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಲ್ಲದೆ ಊಟದಿಂದ ಬೇಕಾಗುವುದು ದಿನಕ್ಕೆ ಸುಮಾರು 200 ಕಿಲೊಕ್ಯಾಲರಿ. ಇಂಥ ಎರಡು ಬಟ್ಟಲು ಅದನ್ನು ಮುಟ್ಟಿಸುತ್ತವೆ. ಮೊದಲಿನ ತೆಳು ಸರಿಯಾದರೆ ಹತ್ತು ಲೋಟ ಬೇಕಿತ್ತು. ವರ್ಷ ತುಂಬುವ ತನಕ ಉಪ್ಪು, ಸಕ್ಕರೆ, ಬೆಲ್ಲ ಬೇಡ. ಜೇನುತುಪ್ಪವಂತೂ ಒಂದು ವರ್ಷದೊಳಗೆ ನಾಲಿಗೆಗೆ ಸವರಲೂ ಬಾರದು, ಅದರಿಂದ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಎಂಜಲು ಚಮಚ ಅದ್ದಿದ ಸರಿ ಉಳಿದರೆ ಮತ್ತೆ ಕಾಯಿಸಿ ಕೊಡಬೇಡಿ.

ಆರು ತಿಂಗಳು ತುಂಬಿದ ಮೊದಲ ದಿನವೇ ಇಷ್ಟೂ ಹೋಗುವುದಿಲ್ಲ. ಎರಡು ಮೂರು ಚಮಚದಿಂದ ಶುರುವಾಗಿ ಕೆಲವು ವಾರಗಳಲ್ಲಿ ಅರ್ಧ ಬಟ್ಟಲಿಗೆ ಬರುತ್ತದೆ. ಬಟ್ಟಲು ಅಂದರೆ 250 ಮಿ.ಲೀ. ಹಿಡಿಯುವಂಥದ್ದು. ಒಂಬತ್ತು ತಿಂಗಳಿಂದ ದಿನಕ್ಕೆ ಮೂರು ನಾಲ್ಕು ಊಟ, ವರ್ಷದ ನಂತರ ಊಟಕ್ಕೆ ಮುಕ್ಕಾಲು ಬಟ್ಟಲಿಂದ ಪೂರ್ತಿ ಬಟ್ಟಲು, ನಡುವೆ ಹಣ್ಣು, ಇಡ್ಲಿಯಂಥ ತಿಂಡಿ. ಮೊದಮೊದಲು ನಾಲಿಗೆ ಎಲ್ಲವನ್ನೂ ಆಚೆ ತಳ್ಳುತ್ತದೆ. ಅದು ಇಷ್ಟವಿಲ್ಲ ಅನ್ನುವುದರ ಗುರುತಲ್ಲ, ನುಂಗಲು ಕಲಿಯುತ್ತಿದೆ, ಅಷ್ಟೆ. ಒಮ್ಮೆ ಬೇಡವೆಂದ ರುಚಿಯನ್ನು ಹತ್ತು ಹನ್ನೆರಡು ಸಲ ಬೇರೆ ಬೇರೆ ದಿನ ಮುಂದಿಡಬೇಕಾಗಬಹುದು.

ಬೇಳೆ ಕಟ್ಟಿನ ಕಥೆಯೂ ತೆಳು ಸರಿಯದ್ದೇ. ಬೇಯಿಸಿದ ಬೇಳೆಯ ಮೇಲಿನ ತಿಳಿನೀರನ್ನು ಸತ್ವವೆಂದು ಬಸಿದು ಕೊಡುತ್ತಾರೆ, ಕೆಳಗುಳಿದ ಬೇಳೆ ಮನೆಯವರ ಸಾರಿಗೆ ಹೋಗುತ್ತದೆ. ಪ್ರೋಟೀನ್ ಉಳಿದದ್ದು ಆ ಕೆಳಗಿನ ಬೇಳೆಯಲ್ಲಿ. ಮೂರು ಪಾಲು ಅಕ್ಕಿಗೆ ಒಂದು ಪಾಲು ಬೇಳೆ ಹಾಕಿ ಮೆತ್ತಗೆ ಬೇಯಿಸಿ, ಕೈಯಲ್ಲೇ ಕಿವುಚಿ, ತುಪ್ಪ ಹಾಕಿ ತಿನ್ನಿಸಿ. ಮಿಕ್ಸಿಯಲ್ಲಿ ನುಣ್ಣಗೆ ಮಾಡುವುದನ್ನು ಎಂಟು ತಿಂಗಳ ಹೊತ್ತಿಗೆ ನಿಲ್ಲಿಸಿ. ಆಗ ತರಿ ತರಿ ಅಗಿಯುವುದನ್ನು ಕಲಿಯದ ಮಗು ಒಂದೂವರೆ ವರ್ಷಕ್ಕೆ ಅನ್ನದ ಅಗುಳು ಸಿಕ್ಕರೆ ಉಗಿಯುತ್ತದೆ.

ತೂಕದಷ್ಟೇ ಮುಖ್ಯವಾದದ್ದು ಕಬ್ಬಿಣಾಂಶ. ಹೊಟ್ಟೆಯಲ್ಲಿದ್ದಾಗ ಮಗು ಕೂಡಿಟ್ಟುಕೊಂಡ ಕಬ್ಬಿಣ ಆರು ತಿಂಗಳಿಗೆ ತೀರುತ್ತಾ ಬರುತ್ತದೆ, ಎದೆಹಾಲಿನಲ್ಲಿ ಅದು ಕಡಿಮೆ. ರಾಗಿಯ ಹೆಚ್ಚುಗಾರಿಕೆ ಕ್ಯಾಲ್ಸಿಯಂನಲ್ಲಿ, ನೂರು ಗ್ರಾಂಗೆ 340 ಮಿ.ಗ್ರಾಂ.ಗಿಂತ ಹೆಚ್ಚಿದೆ, ಆದರೆ ಅದರಲ್ಲಿನ ಫೈಟೇಟ್ ಎಂಬ ಅಂಶ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಮೊಳಕೆ ಕಟ್ಟಿದರೆ ಅದು ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಹಾಗಾಗಿ ರಾಗಿಯೊಂದನ್ನೇ ನಂಬಿ ಕೂರಬೇಡಿ. ತಿನ್ನುವ ಮನೆಯಾದರೆ ಚೆನ್ನಾಗಿ ಬೆಂದ ಮೊಟ್ಟೆ, ಮುಳ್ಳು ಬಿಡಿಸಿದ ಮೀನು, ಕೋಳಿಯ ಈರಲಿ (ಲಿವರ್) ಇವನ್ನು ಆರು ತಿಂಗಳ ಮೇಲೆ ಕೊಡಬಹುದು. ತಿನ್ನದ ಮನೆಯಲ್ಲಿ ಹರಿವೆ, ನುಗ್ಗೆ ಸೊಪ್ಪು ಬೇಳೆಯ ಜೊತೆ ಬೆಂದು, ಆರಿದ ಮೇಲೆ ನಾಲ್ಕು ಹನಿ ನಿಂಬೆರಸ ಬೀಳಲಿ. ಬಿಸಿಯಲ್ಲಿ ಹಿಂಡಿದರೆ ವಿಟಮಿನ್ ಸಿ ಹಾಳಾಗುತ್ತದೆ. ಸರಿಯ ನಂತರ ಕಿವುಚಿದ ಪರಂಗಿ ಹಣ್ಣೂ ಆಗಬಹುದು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ಪು, ವಾರಕ್ಕೆ ಎರಡು ಸಲ 1 ಮಿ.ಲೀ., ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ. ಅದರಿಂದ ಮಲ ಕಪ್ಪಾದರೆ ಗಾಬರಿಪಡಬೇಡಿ. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಕಬ್ಬಿಣ ಇನ್ನೂ ಬೇಗ ಬೇಕಾಗುತ್ತದೆ, ವೈದ್ಯರನ್ನು ಕೇಳಿ. ಹೊರದೇಶದಲ್ಲಿರುವ ಕನ್ನಡಿಗರು ಅಲ್ಲಿನ ವೈದ್ಯರು ಹೇಳುವ ಕಬ್ಬಿಣ ಸೇರಿಸಿದ ಸಿರಿಯಲ್ ಬಿಟ್ಟು ಊರಿಂದ ತರಿಸಿದ ರಾಗಿ ಹಿಟ್ಟಿಗೇ ಅಂಟಿಕೊಳ್ಳುವುದು ಬೇಡ, ಎರಡೂ ಇರಲಿ.

ಒಂದು ವರ್ಷ ದಾಟಿದ ಮಕ್ಕಳ ವಿಷಯದಲ್ಲಿ ತೆಳು ಸರಿಯ ಜಾಗಕ್ಕೆ ಹಸುವಿನ ಹಾಲು ಬಂದು ಕೂರುತ್ತದೆ. ಅನ್ನ ಮುಟ್ಟಲ್ಲ, ಹಾಲಾದರೂ ಕುಡಿಯಲಿ ಎಂದು ದಿನಕ್ಕೆ ಮುಕ್ಕಾಲು ಲೀಟರ್ ಕುಡಿಸಿದರೆ ಹಸಿವೆಲ್ಲಿಂದ ಬರಬೇಕು? ಮಲ ಕಟ್ಟುತ್ತದೆ, ರಕ್ತಹೀನತೆ ಬರುತ್ತದೆ. 400 ರಿಂದ 500 ಮಿ.ಲೀ. ಮಿತಿ, ಅದೂ ಊಟದ ನಂತರ, ಲೋಟದಲ್ಲಿ. ಮೊದಲ ನಾಲ್ಕೈದು ದಿನ ಅಳು ಇರುತ್ತದೆ, ಮನೆಮಂದಿಯೆಲ್ಲ ಒಂದೇ ಮಾತಿಗೆ ನಿಂತರೆ ಸಾಧ್ಯ. ಊಟಕ್ಕೆ ಅರ್ಧ ಗಂಟೆ ಮೀರಿ ಕೂರಿಸಬೇಡಿ, ಮೊಬೈಲ್ ತೋರಿಸಿ ಬಾಯಿಗೆ ತುರುಕಬೇಡಿ. ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಬೀಜವನ್ನು ನುಣ್ಣಗೆ ಅರೆದು, ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ ಕೊಡಿ.

ಜ್ವರ, ಭೇದಿ ಬಂದಾಗ ಊಟ ನಿಲ್ಲಿಸಿ ಬರೀ ಗಂಜಿನೀರು ಕೊಡುವುದರಿಂದಲೂ ತೂಕ ಇಳಿಯುತ್ತದೆ. ಎದೆಹಾಲು, ಮೆತ್ತಗಿನ ಊಟ ಮುಂದುವರಿಯಲಿ. ಭೇದಿಗೆ ಓಆರ್‌ಎಸ್, ವೈದ್ಯರು ಹೇಳಿದಂತೆ ಸತು (ಜಿಂಕ್). ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಡಿ.

ಗಟ್ಟಿ ಸರಿ, ಬೇಳೆ, ತುಪ್ಪ ಎಲ್ಲ ಸರಿಯಾಗಿ ಕೊಟ್ಟೂ ಎರಡು ತಿಂಗಳು ಸತತವಾಗಿ ತೂಕ ನಿಂತಲ್ಲೇ ನಿಂತರೆ, ಅಥವಾ ಇಳಿದರೆ, ಮಕ್ಕಳ ವೈದ್ಯರ ಹತ್ತಿರ ಹೋಗಲೇಬೇಕು. ಹಾಲು ಕುಡಿಯುವಾಗ ಬೆವರುವುದು, ಏದುಸಿರು, ಪದೇ ಪದೇ ಕಾರಣವಿಲ್ಲದ ಜ್ವರ, ಮಗು ಮಂಕಾಗಿ ಕಲಿತ ಆಟ ಮರೆತಂತೆ ಕಾಣುವುದು, ಇವಿದ್ದರೆ ಎರಡು ತಿಂಗಳೂ ಕಾಯಬೇಡಿ. ಅಮ್ಮ ಮೊಟ್ಟೆ ಮಾಂಸ ತಿನ್ನದೆ ಹಾಲು ಮೊಸರೂ ಕಡಿಮೆ ತಿನ್ನುವವರಾದರೆ ಆ ಮಾತನ್ನು ವೈದ್ಯರಿಗೆ ಹೇಳಿ. ಅಂಥ ಅಮ್ಮಂದಿರ ಎದೆಹಾಲಿನಲ್ಲಿ ವಿಟಮಿನ್ ಬಿ12 ಕೊರತೆ ಇರಬಹುದು. ಹೋಗುವ ಮೊದಲು ಮೂರು ದಿನ ಒಂದು ಚೀಟಿಯಲ್ಲಿ ಬರೆದಿಡಿ: ಎಷ್ಟು ಗಂಟೆಗೆ, ಎಷ್ಟು ಚಮಚ ಹಿಟ್ಟಿಗೆ ಎಷ್ಟು ನೀರು, ಎಷ್ಟು ತಿಂದಿತು, ಎಷ್ಟು ಉಳಿಯಿತು, ಹಾಲು ಎಷ್ಟು ಸಲ. ತಾಯಿ ಕಾರ್ಡಿನ ಜೊತೆ ಆ ಚೀಟಿಯನ್ನೂ ವೈದ್ಯರ ಮುಂದಿಡಿ.